ಲೋಹದೊಳಗಿನ ದಾರಿ: ಲೈಪ್‌ಜಿಗ್ಗಿನ ವಿದ್ಯಾರ್ಥಿಯೊಬ್ಬನ ಪ್ರಶ್ನೆ ಮತ್ತು ಅದರ ಚರಿತ್ರೆ

ವಿಜ್ಞಾನದ ಪಠ್ಯಗ್ರಂಥಗಳಲ್ಲಿ ಉತ್ತರಗಳು ಕ್ರಮವಾಗಿ ದೊರೆಯುತ್ತವೆ. ಪ್ರಶ್ನೆಗಳು ದೊರೆಯುವುದು ವಿರಳ. ಯಾವುದೊಂದು ನಿಯಮವನ್ನು ಯಾರು ಕಂಡುಹಿಡಿದರು, ಯಾವ ವರ್ಷದಲ್ಲಿ ಕಂಡುಹಿಡಿದರು ಎಂಬಷ್ಟು ಮಾತ್ರ ಅಡಿಬರಹದಲ್ಲಿ ಉಳಿದು, ಅದಕ್ಕೆ ಕಾರಣವಾದ ಸಂಶಯವು ಮರೆಯಾಗುತ್ತದೆ. ಹೀಗೆ ಮರೆಯಾದ ಸಂಶಯಗಳನ್ನು ಮತ್ತೆ ಬೆಳಕಿಗೆ ತರುವುದು ಚರಿತ್ರೆಯ ಅಭ್ಯಾಸಿಗೆ ಸಲ್ಲುವ ಕೆಲಸವೆಂದು ಈ ಲೇಖಕನ ಭಾವನೆ. ಭೌತವಿಜ್ಞಾನದ ಗಣಿತದಲ್ಲಿ ಚರಿತ್ರೆಯ ಅಧ್ಯಾಪಕನಿಗೆ ಅಧಿಕಾರವಿಲ್ಲ. ಆದರೆ ಒಂದು ಪ್ರಶ್ನೆ ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಅದರ ರೂಪ ಬದಲಾಯಿತು, ಅದು ಏನನ್ನು ಬಿಡಿಸಿ ಏನನ್ನು ಉಳಿಸಿತು ಎಂಬುದನ್ನು ವಿಚಾರಿಸಲು ಅವನಿಗೆ ಅಡ್ಡಿಯಿರಲಾರದು.

ತಾಮ್ರದಲ್ಲಿ ವಿದ್ಯುತ್ತು ಹರಿಯುತ್ತದೆ, ಗಂಧಕದಲ್ಲಿ ಹರಿಯುವುದಿಲ್ಲ ಎಂಬುದು ಪ್ರೌಢಶಾಲೆಯ ಹುಡುಗನಿಗೂ ಗೊತ್ತು. ಕಾರಣವೇನೆಂದು ಕೇಳಿದರೆ, ತಾಮ್ರದಲ್ಲಿ ಸ್ವತಂತ್ರ ಎಲೆಕ್ಟ್ರಾನುಗಳಿವೆ, ಗಂಧಕದಲ್ಲಿ ಇಲ್ಲ ಎಂಬ ಉತ್ತರ ಸಿದ್ಧವಾಗಿದೆ. ಭೌತವಿಜ್ಞಾನವನ್ನು ಅಭ್ಯಾಸಮಾಡುವ ವಿದ್ಯಾರ್ಥಿಗೆ ಇಲ್ಲಿಯೇ ಸಂಶಯ ಹುಟ್ಟಬೇಕು. ಎಲೆಕ್ಟ್ರಾನು ಎಲ್ಲೆಡೆಯೂ ಒಂದೇ ಬಗೆಯ ಕಣವಾಗಿರುವಾಗ ಒಂದೆಡೆ ಸ್ವತಂತ್ರವಾಗಿಯೂ ಇನ್ನೊಂದೆಡೆ ಬಂದಿಯಾಗಿಯೂ ಇರುವುದೇಕೆ? ಸ್ವತಂತ್ರವೆಂದೇ ಒಪ್ಪಿದರೂ, ಪರಮಾಣುಗಳು ಒತ್ತೊತ್ತಾಗಿ ನಿಂತಿರುವ ಲೋಹದೊಳಗೆ ಅದು ನುಸುಳಿ ಹೋಗುವ ದಾರಿ ಯಾವುದು? ಇವು ಕೇವಲ ಬಾಲಿಶವಾದ ಪ್ರಶ್ನೆಗಳಲ್ಲ. ೧೯೨೮ರಿಂದ ೧೯೩೧ರವರೆಗಿನ ಅಲ್ಪಾವಧಿಯಲ್ಲಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾನಿಲಯದಲ್ಲಿ, ಬಹುಮಟ್ಟಿಗೆ ಇಪ್ಪತ್ತೈದರ ಒಳಗಿನ ತರುಣರು ಇವನ್ನೇ ಕೇಳಿದರು. ಇಂದು ಪದಾರ್ಥವಿಜ್ಞಾನವೆಂದು ಕರೆಯಲ್ಪಡುವ ಶಾಸ್ತ್ರದ ಒಂದು ಮುಖ್ಯ ಬುನಾದಿ ಅಲ್ಲಿ ಬಿದ್ದಿತು. ಕ್ವಾಂಟಂ ಬಲವಿಜ್ಞಾನವು ಹಳೆಯ ಪ್ರಶ್ನೆಗೆ ಹೊಸ ಉತ್ತರವನ್ನು ಕೊಟ್ಟಿತೆಂಬುದಕ್ಕಿಂತಲೂ ಪ್ರಶ್ನೆಯನ್ನೇ ತಿರುಗಿಸಿ ನಿಲ್ಲಿಸಿತೆಂಬುದು ಹೆಚ್ಚು ಮುಖ್ಯವಾದದ್ದು. ಇದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಹಳೆಯ ಉತ್ತರ ಮತ್ತು ಅದರ ಕೊರತೆ

೧೮೫೩ರಲ್ಲಿ ವೀಡೆಮನ್ ಮತ್ತು ಫ್ರಾಂಟ್ಸ್ ಎಂಬ ಇಬ್ಬರು ಜರ್ಮನ್ ವಿದ್ವಾಂಸರು ಲೋಹಗಳ ವಿಷಯದಲ್ಲಿ ಒಂದು ಸರಳವಾದ ಸಂಗತಿಯನ್ನು ಗಮನಿಸಿದರು. ಶಾಖವನ್ನು ಚೆನ್ನಾಗಿ ಸಾಗಿಸುವ ಲೋಹವು ವಿದ್ಯುತ್ತನ್ನೂ ಚೆನ್ನಾಗಿ ಸಾಗಿಸುತ್ತದೆ. ಒಂದೇ ಉಷ್ಣತೆಯಲ್ಲಿ ಈ ಎರಡು ವಾಹಕತ್ವಗಳ ಪ್ರಮಾಣವು ಬೇರೆಬೇರೆ ಲೋಹಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಶಾಖವನ್ನೂ ವಿದ್ಯುತ್ತನ್ನೂ ಹೊತ್ತೊಯ್ಯುವ ಆಳು ಒಬ್ಬನೇ ಇರಬೇಕೆಂಬ ಊಹೆಗೆ ಇದು ಎಡೆಕೊಟ್ಟಿತು. ೧೮೯೭ರಲ್ಲಿ ಜೆ. ಜೆ. ಥಾಮ್ಸನ್ನನ ಪ್ರಯೋಗಗಳಿಂದ ಎಲೆಕ್ಟ್ರಾನಿನ ಅಸ್ತಿತ್ವವು ಸ್ಥಿರಪಟ್ಟ ಮೇಲೆ ಆ ಆಳು ಯಾರೆಂಬುದು ತಿಳಿಯಿತು.

೧೯೦೦ರಲ್ಲಿ ಪೌಲ್ ಡ್ರೂಡನು ಲೋಹದೊಳಗಿನ ಎಲೆಕ್ಟ್ರಾನುಗಳನ್ನು ಪಾತ್ರೆಯೊಳಗಿನ ಅನಿಲದ ಕಣಗಳಂತೆ ಭಾವಿಸಿ ಲೆಕ್ಕಹಾಕಿದನು. ಅವು ಎಲ್ಲ ದಿಕ್ಕಿಗೂ ಓಡಾಡುತ್ತವೆ, ಪರಮಾಣುಗಳಿಗೆ ಢಿಕ್ಕಿ ಹೊಡೆಯುತ್ತವೆ, ಪುನಃ ಓಡುತ್ತವೆ. ವಿದ್ಯುತ್ತಿನ ಒತ್ತಡವಿದ್ದಾಗ ಒಟ್ಟಾರೆ ಒಂದು ದಿಕ್ಕಿಗೆ ಸರಿಯುತ್ತವೆ. ಢಿಕ್ಕಿಯೇ ರೋಧಕ್ಕೆ ಕಾರಣ. ಈ ಚಿತ್ರದಿಂದ ಹೊರಟು ಅವನು ವೀಡೆಮನ್-ಫ್ರಾಂಟ್ಸ್ ನಿಯಮವನ್ನು ಪಡೆದನು. ಅದರಲ್ಲಿ ಬರುವ ಸ್ಥಿರಾಂಕವು ಅವನ ಲೆಕ್ಕದಲ್ಲಿ ೩ ಎಂದು ಬಂದಿತು. ಪ್ರಯೋಗಗಳಿಗೆ ಇದು ಬಹು ಹತ್ತಿರವಾಗಿತ್ತು. ಆದರೆ ೧೯೦೫ರಲ್ಲಿ ಲೊರೆಂಟ್ಸನು ಅದೇ ಲೆಕ್ಕವನ್ನು ಹೆಚ್ಚು ಬಿಗಿಯಾಗಿ ಮಾಡಿದಾಗ ೨ ಎಂದು ಬಂದಿತು. ಗಣಿತವು ಸುಧಾರಿಸಿದಂತೆ ಹೊಂದಾಣಿಕೆ ಕೆಟ್ಟಿತು. ಮೊದಲಿನ ಯಶಸ್ಸಿನಲ್ಲಿ ಆಕಸ್ಮಿಕದ ಪಾಲು ಇದ್ದಿತೆಂಬುದಕ್ಕೆ ಇದು ಸೂಚನೆ.

ಇನ್ನೂ ದೊಡ್ಡದಾದ ಎರಡು ತೊಡಕುಗಳಿದ್ದವು. ಮೊದಲನೆಯದು ವಿಶಿಷ್ಟೋಷ್ಣಕ್ಕೆ ಸಂಬಂಧಿಸಿದ್ದು. ಲೋಹದಲ್ಲಿ ಪರಮಾಣುವಿಗೊಂದರಂತೆ ಸ್ವತಂತ್ರ ಎಲೆಕ್ಟ್ರಾನು ಇದ್ದು, ಅದು ಅನಿಲದ ಕಣದಂತೆಯೇ ಶಾಖವನ್ನು ಹೀರಿಕೊಳ್ಳುವುದಾದರೆ, ಲೋಹವನ್ನು ಕಾಯಿಸಲು ಅವಾಹಕವನ್ನು ಕಾಯಿಸುವುದಕ್ಕಿಂತ ಒಂದೂವರೆ ಪಾಲಿನಷ್ಟು ಶಾಖ ಬೇಕಾಗಬೇಕಿತ್ತು. ನಿಜವಾಗಿ ಹಾಗಿಲ್ಲ, ಕೋಣೆಯ ಉಷ್ಣತೆಯಲ್ಲಿ ಎಲೆಕ್ಟ್ರಾನುಗಳು ಹೀರಿಕೊಳ್ಳುವ ಪಾಲು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ವಿದ್ಯುತ್ತನ್ನು ಒಯ್ಯುವಾಗ ಕಾಣಿಸಿಕೊಳ್ಳುವ ಎಲೆಕ್ಟ್ರಾನುಗಳು ಶಾಖವನ್ನು ಪಡೆಯುವಾಗ ಮಾಯವಾಗುವುದೆಲ್ಲಿಗೆ?

ಎರಡನೆಯದು ದಾರಿಗೆ ಸಂಬಂಧಿಸಿದ್ದು. ತಾಮ್ರದಲ್ಲಿ ಅಕ್ಕಪಕ್ಕದ ಪರಮಾಣುಗಳ ಅಂತರವು ಒಂದು ಮಿಲಿಮೀಟರಿನ ನಲವತ್ತು ಲಕ್ಷದ ಒಂದು ಪಾಲಿಗೆ ಸಮೀಪವಾದದ್ದು. ಎಲೆಕ್ಟ್ರಾನು ಎದುರಾದ ಪ್ರತಿ ಪರಮಾಣುವಿಗೂ ಢಿಕ್ಕಿ ಹೊಡೆಯುವುದಾದರೆ ಅದರ ನೆಗೆತವೂ ಅಷ್ಟೇ ಇರಬೇಕು. ಆದರೆ ತಾಮ್ರದ ವಾಹಕತ್ವಕ್ಕೆ ಒಪ್ಪುವಂತೆ ಇಂದು ಲೆಕ್ಕಹಾಕಿದರೆ, ಕೋಣೆಯ ಉಷ್ಣತೆಯಲ್ಲಿಯೇ ಎಲೆಕ್ಟ್ರಾನು ಸುಮಾರು ನೂರೈವತ್ತು ಪರಮಾಣುಗಳ ದೂರವನ್ನು ಅಡೆತಡೆಯಿಲ್ಲದೆ ದಾಟಬೇಕಾಗುತ್ತದೆ. ತೀರ ತಣಿಸಿದ ಅತಿಶುದ್ಧ ತಾಮ್ರದಲ್ಲಿ ಈ ದೂರವು ಸಾವಿರಾರು ಪಾಲು ಬೆಳೆಯುವುದುಂಟು. ದಟ್ಟವಾದ ಅಡಕೆಯ ತೋಟದಲ್ಲಿ ಕಣ್ಣು ಕಟ್ಟಿಕೊಂಡು ಓಡುವವನು ಒಂದು ಮರವನ್ನೂ ತಾಗದೆ ನೂರೈವತ್ತು ಸಾಲುಗಳನ್ನು ದಾಟಿದನೆಂದರೆ ಯಾರು ನಂಬುವರು? ಇದನ್ನು ನಂಬಲೇಬೇಕಾದ ಸ್ಥಿತಿ ಭೌತಶಾಸ್ತ್ರಜ್ಞರಿಗೆ ಒದಗಿತ್ತು.

೨. ಹೊಸ ಬಲವಿಜ್ಞಾನದ ಆಗಮನ

೧೯೨೪ರಿಂದ ೧೯೨೭ರವರೆಗಿನ ಅವಧಿಯಲ್ಲಿ ಭೌತವಿಜ್ಞಾನದ ಅಡಿಪಾಯವೇ ಬದಲಾಯಿತು. ೧೯೨೪ರಲ್ಲಿ ಲೂಯಿ ದ ಬ್ರಾಯ್ ಎಂಬ ಫ್ರೆಂಚ್ ಸಂಶೋಧನ ವಿದ್ಯಾರ್ಥಿಯು ಪ್ಯಾರಿಸ್ಸಿನಲ್ಲಿ ಮಂಡಿಸಿದ ಡಾಕ್ಟೊರೇಟ್ ಪ್ರಬಂಧದಲ್ಲಿ, ಚಲಿಸುವ ಕಣಕ್ಕೆ ತರಂಗಸ್ವಭಾವವೂ ಇದೆಯೆಂದು ಪ್ರತಿಪಾದಿಸಿದನು. ೧೯೨೬ರಲ್ಲಿ ಶ್ರೋಡಿಂಗರನು ಆ ತರಂಗಕ್ಕೆ ಸಮೀಕರಣವನ್ನು ಕೊಟ್ಟನು. ೧೯೨೭ರಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್ ಎಂಬವರು ನಿಕಲ್ ಸ್ಫಟಿಕದ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ, ಅವು ಎಕ್ಸ್ ಕಿರಣಗಳಂತೆಯೇ ನಿಯತವಾದ ದಿಕ್ಕುಗಳಲ್ಲಿ ಚೆದರುವುದನ್ನು ಕಂಡರು. ಹೊಸ ಸಿದ್ಧಾಂತವು ಸತ್ಯವೆಂದು ಸಾಕ್ಷಿ ನುಡಿದದ್ದು ಒಂದು ಲೋಹದ ತುಂಡೇ ಎಂಬುದು ಗಮನಾರ್ಹ.

ಇನ್ನೊಂದು ಕಡೆಯಿಂದ, ೧೯೨೫ರಲ್ಲಿ ವುಲ್ಫ್‌ಗಾಂಗ್ ಪೌಲಿಯು ಬಹಿಷ್ಕರಣ ತತ್ತ್ವವನ್ನು ಸಾರಿದನು. ಒಂದು ಸ್ಥಿತಿಯಲ್ಲಿ ಒಂದೇ ಎಲೆಕ್ಟ್ರಾನು ಇರಬಲ್ಲದು. ಎರಡನೆಯದಕ್ಕೆ ಅಲ್ಲಿ ಎಡೆಯಿಲ್ಲ. ಈ ತತ್ತ್ವಕ್ಕೆ ಒಪ್ಪುವ ಗಣನಕ್ರಮವನ್ನು ೧೯೨೬ರಲ್ಲಿ ಫೆರ್ಮಿ ಮತ್ತು ಡಿರಾಕ್ ಪ್ರತ್ಯೇಕವಾಗಿ ರೂಪಿಸಿದರು. ಮ್ಯೂನಿಕ್ಕಿನ ಹಿರಿಯ ಪ್ರಾಧ್ಯಾಪಕನಾದ ಸಾಮರ್‌ಫೆಲ್ಡನು ೧೯೨೭ರಲ್ಲಿ ಅದನ್ನು ಡ್ರೂಡನ ಎಲೆಕ್ಟ್ರಾನ್ ಅನಿಲಕ್ಕೆ ಅನ್ವಯಿಸಿದನು. ವಿಶಿಷ್ಟೋಷ್ಣದ ತೊಡಕು ಅದರೊಡನೆ ಬಿಡಿಸಿಕೊಂಡಿತು.

ಇದನ್ನು ಹೀಗೆ ತಿಳಿಯಬಹುದು. ತುಂಬಿದ ಕೆರೆಯ ಮೇಲೆ ಗಾಳಿ ಬೀಸಿದಾಗ ಅಲುಗುವುದು ಮೇಲಿನ ನೀರು. ಆಳದ ನೀರಿಗೆ ಸುದ್ದಿಯೇ ತಲಪುವುದಿಲ್ಲ. ಲೋಹದಲ್ಲಿಯೂ ಎಲೆಕ್ಟ್ರಾನುಗಳು ಶಕ್ತಿಯ ಕೆಳಗಣ ಮಟ್ಟದಿಂದ ಮೇಲಕ್ಕೆ ಒಂದೊಂದಾಗಿ ಸ್ಥಾನಗಳನ್ನು ತುಂಬಿಕೊಂಡಿವೆ. ಸ್ವಲ್ಪ ಶಾಖ ಕೊಟ್ಟರೆ ಕೆಳಗಿನ ಎಲೆಕ್ಟ್ರಾನು ಏರಲಾರದು. ಅದರ ಮೇಲಿನ ಸ್ಥಾನಗಳೆಲ್ಲ ಭರ್ತಿಯಾಗಿವೆ. ಅಂಚಿನಲ್ಲಿರುವ ಕೆಲವಕ್ಕೆ ಮಾತ್ರ ಆ ಅವಕಾಶವುಂಟು. ಆದ್ದರಿಂದ ಎಲೆಕ್ಟ್ರಾನುಗಳು ಹೀರಿಕೊಳ್ಳುವ ಶಾಖವು ಹಳೆಯ ಎಣಿಕೆಯ ನೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯಿತು. ವೀಡೆಮನ್-ಫ್ರಾಂಟ್ಸ್ ನಿಯಮದ ಸ್ಥಿರಾಂಕವು ೩.೨೯ ಎಂದು ಬಂದಿತು. ಪ್ರಯೋಗಕ್ಕೆ ಇದು ಚೆನ್ನಾಗಿ ಒಪ್ಪಿತು.

ಆದರೂ ಸಾಮರ್‌ಫೆಲ್ಡನ ಲೋಹವು ಒಂದು ಬರಿಯ ಪೆಟ್ಟಿಗೆ. ಅದರೊಳಗೆ ಎಲೆಕ್ಟ್ರಾನುಗಳಿವೆ, ಪರಮಾಣುಗಳು ಹೆಸರಿಗೆ ಮಾತ್ರ. ಅಡಕೆಯ ತೋಟದ ಒಗಟನ್ನು ಬಿಡಿಸುವ ಬದಲು ಅವನು ಮರಗಳನ್ನೇ ಲೆಕ್ಕದಿಂದ ತೆಗೆದುಹಾಕಿದ್ದನೆಂದು ಹೇಳಬಹುದು. ದಾರಿಯ ಪ್ರಶ್ನೆ ಹಾಗೆಯೇ ಉಳಿಯಿತು.

೩. ಬ್ಲಾಖನ ಪ್ರಶ್ನೆ

ಫೆಲಿಕ್ಸ್ ಬ್ಲಾಖನು ೧೯೦೫ರಲ್ಲಿ ಸ್ವಿಟ್ಸರ್‌ಲೆಂಡಿನ ಜೂರಿಕ್ ನಗರದಲ್ಲಿ ಹುಟ್ಟಿದನು. ಇಂಜಿನಿಯರಾಗಬೇಕೆಂದು ಅಲ್ಲಿಯ ತಾಂತ್ರಿಕ ವಿದ್ಯಾಪೀಠವನ್ನು ಸೇರಿದವನು ಒಂದು ವರ್ಷದಲ್ಲಿಯೇ ಭೌತವಿಜ್ಞಾನಕ್ಕೆ ತಿರುಗಿದನು. ಶ್ರೋಡಿಂಗರನು ತನ್ನ ತರಂಗಸಿದ್ಧಾಂತವನ್ನು ಮೊದಲು ವಿವರಿಸಿದ ಗೋಷ್ಠಿಗಳಲ್ಲಿ ಕುಳಿತು ಕೇಳಿದ ವಿದ್ಯಾರ್ಥಿಗಳಲ್ಲಿ ಅವನೊಬ್ಬ. ೧೯೨೭ರಲ್ಲಿ ಗುರುವಾದ ಡಿಬೈಯ ಸಲಹೆಯಂತೆ ಲೈಪ್‌ಜಿಗ್ಗಿಗೆ ಹೋದನು. ಅಲ್ಲಿ ಆಗತಾನೆ ಪ್ರಾಧ್ಯಾಪಕ ಪೀಠವನ್ನು ಏರಿದ ವರ್ನರ್ ಹೈಸನ್‌ಬರ್ಗನಿಗೆ ವಯಸ್ಸು ಇಪ್ಪತ್ತೈದು, ಶಿಷ್ಯನಿಗೆ ಇಪ್ಪತ್ತೆರಡು. ಸಂಶೋಧನೆಗೆ ಎರಡು ವಿಷಯಗಳು ಮುಂದಿದ್ದವು: ಕಬ್ಬಿಣದ ಕಾಂತತ್ವ ಮತ್ತು ಲೋಹಗಳ ವಿದ್ಯುದ್ವಹನ. ಮೊದಲನೆಯದರ ಕೀಲಿಕೈ ಗುರುವಿನ ಕೈಗೆ ಆಗಲೇ ಸಿಕ್ಕಿದಂತಿತ್ತು. ಆದ್ದರಿಂದ ಶಿಷ್ಯನು ಎರಡನೆಯದನ್ನು ಆರಿಸಿಕೊಂಡನು.

ಎಲೆಕ್ಟ್ರಾನು ಅಷ್ಟೊಂದು ಪರಮಾಣುಗಳ ನಡುವೆ ತಾಗದೆ ನುಸುಳುವುದು ಹೇಗೆ ಎಂಬುದೇ ತನ್ನನ್ನು ಕಾಡಿದ ಮುಖ್ಯ ಪ್ರಶ್ನೆಯಾಗಿತ್ತೆಂದು ಬ್ಲಾಖನು ವೃದ್ಧಾಪ್ಯದಲ್ಲಿ ನೆನಪಿಸಿಕೊಂಡಿದ್ದಾನೆ. ಸಾಮರ್‌ಫೆಲ್ಡನು ತೆಗೆದುಹಾಕಿದ ಮರಗಳನ್ನು ಅವನು ಮತ್ತೆ ನೆಟ್ಟನು. ಆದರೆ ಓಡುವವನನ್ನು ಕಣವೆಂದೆಣಿಸದೆ ಅಲೆಯೆಂದೆಣಿಸಿದನು. ಸ್ಫಟಿಕದಲ್ಲಿ ಪರಮಾಣುಗಳು ಅಡ್ಡಾದಿಡ್ಡಿಯಾಗಿ ಚೆಲ್ಲಿಲ್ಲ. ಒಂದೇ ಅಂತರದಲ್ಲಿ, ಒಂದೇ ಕ್ರಮದಲ್ಲಿ, ಸಾಲುಸಾಲಾಗಿ ನಿಂತಿವೆ. ಇದು ೧೯೧೨ರಲ್ಲಿ ಲೌಯೆಯ ಎಕ್ಸ್ ಕಿರಣ ಪ್ರಯೋಗದಿಂದ ಪ್ರತ್ಯಕ್ಷವಾಗಿತ್ತು. ಇಂಥ ಜಾಲಕದೊಳಗೆ ಹೊಕ್ಕ ಅಲೆಯನ್ನು ಪ್ರತಿಯೊಂದು ಪರಮಾಣುವೂ ಸ್ವಲ್ಪಸ್ವಲ್ಪವಾಗಿ ಚೆದರಿಸುತ್ತದೆ. ಆದರೆ ಪರಮಾಣುಗಳ ಅಂತರವು ಸಮವಾಗಿರುವುದರಿಂದ, ಹಾಗೆ ಚೆದರಿದ ಕಿರಿಯ ಅಲೆಗಳು ಅಡ್ಡ ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಹಾಕಿ, ಮುಂದಿನ ದಿಕ್ಕಿನಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಪರಿಣಾಮವಾಗಿ ಅಲೆಯು ಜಾಲಕದ ಲಯವನ್ನು ತನ್ನಲ್ಲಿ ಬೆರೆಸಿಕೊಂಡು, ಕುಗ್ಗದೆ ಕುಂದದೆ, ಸ್ಫಟಿಕದ ಈ ತುದಿಯಿಂದ ಆ ತುದಿಗೆ ಸಾಗುತ್ತದೆ. ೧೯೨೮ರ ಪ್ರಬಂಧದಲ್ಲಿ ಬ್ಲಾಖನು ಗಣಿತದಿಂದ ತೋರಿಸಿದ್ದು ಇದನ್ನೇ.

ಇಲ್ಲಿ ಪ್ರಶ್ನೆಯು ತಿರುಗಿ ನಿಂತಿತು. ಇಪ್ಪತ್ತೆಂಟು ವರ್ಷಗಳ ಕಾಲ ಪಂಡಿತರು, ಎಲೆಕ್ಟ್ರಾನು ಹೇಗೆ ಸಾಗುತ್ತದೆ ಎಂದು ಕೇಳುತ್ತಿದ್ದರು. ಬ್ಲಾಖನ ತರುವಾಯ ಕೇಳಬೇಕಾದದ್ದು, ಅದು ನಿಲ್ಲುವುದೇಕೆ ಎಂದು. ಕ್ರಮಬದ್ಧವಾದ ಜಾಲಕವು ರೋಧವನ್ನೇ ಒಡ್ಡುವುದಿಲ್ಲವಾದರೆ, ತಾಮ್ರದ ತಂತಿಗೆ ರೋಧವಿರುವುದು ಜಾಲಕದ ಕ್ರಮವು ಕೆಟ್ಟಿರುವುದರಿಂದ. ಕ್ರಮ ಕೆಡಲು ಮುಖ್ಯವಾಗಿ ಎರಡು ಕಾರಣಗಳು: ಶಾಖದಿಂದ ಪರಮಾಣುಗಳು ತಮ್ಮ ಸ್ಥಾನದಲ್ಲಿಯೇ ನಡುಗುವುದು ಒಂದು, ಪರಕೀಯ ಪರಮಾಣುಗಳು ಹಾಗೂ ರಚನೆಯ ದೋಷಗಳು ಇನ್ನೊಂದು. ಲೋಹವನ್ನು ತಣಿಸಿದರೆ ಮೊದಲನೆಯದು ಇಳಿಯುತ್ತದೆ, ಎರಡನೆಯದು ಉಳಿಯುತ್ತದೆ. ರೋಧವು ಹೀಗೆ ಎರಡು ಭಾಗಗಳಿಂದ ಕೂಡಿದೆಯೆಂದು ೧೮೬೦ರ ದಶಕದಲ್ಲಿಯೇ ಮ್ಯಾಥೀಸನ್ ಎಂಬ ರಸಾಯನಶಾಸ್ತ್ರಜ್ಞನು ಅಳತೆಯಿಂದ ಕಂಡಿದ್ದನು. ಏಕೆಂಬುದು ಈಗ ತಿಳಿಯಿತು.

ಇದಕ್ಕೆ ಒಂದು ಸೊಗಸಾದ ನಿದರ್ಶನವುಂಟು. ಮೂರು ಪಾಲು ತಾಮ್ರ, ಒಂದು ಪಾಲು ಚಿನ್ನದ ಪರಮಾಣುಗಳಿರುವ ಮಿಶ್ರಲೋಹವನ್ನು ಚೆನ್ನಾಗಿ ಕಾಯಿಸಿ ಥಟ್ಟನೆ ತಣಿಸಿದರೆ, ಎರಡು ಬಗೆಯ ಪರಮಾಣುಗಳೂ ಜಾಲಕದಲ್ಲಿ ಯದ್ವಾತದ್ವಾ ಹಂಚಿಕೊಂಡು ನಿಲ್ಲುತ್ತವೆ. ಅದನ್ನೇ ಸುಮಾರು ೩೯೦ ಸೆಂಟಿಗ್ರೇಡ್ ಡಿಗ್ರಿಯ ಕೆಳಗೆ ಬಹುಕಾಲ ಇಟ್ಟು ನಿಧಾನವಾಗಿ ಆರಿಸಿದರೆ, ಚಿನ್ನವು ತನ್ನ ನಿಯತ ಸ್ಥಾನಗಳನ್ನೂ ತಾಮ್ರವು ತನ್ನ ನಿಯತ ಸ್ಥಾನಗಳನ್ನೂ ಸೇರುತ್ತವೆ. ಒಂದು ಪರಮಾಣುವೂ ಹೊಸದಾಗಿ ಬಂದಿಲ್ಲ, ಒಂದೂ ಹೋಗಿಲ್ಲ. ಆದರೆ ಕೋಣೆಯ ಉಷ್ಣತೆಯಲ್ಲಿ ಅಳೆದರೆ ರೋಧವು ಮೊದಲಿನ ಅರ್ಧಕ್ಕಿಂತಲೂ ಕೆಳಗಿಳಿದಿರುತ್ತದೆ. ಪದಾರ್ಥದ ಗುಣವು ಅದರಲ್ಲಿ ಏನಿದೆ ಎಂಬುದರಿಂದ ಮಾತ್ರವಲ್ಲ, ಹೇಗೆ ಜೋಡಿಸಿದೆ ಎಂಬುದರಿಂದಲೂ ನಿರ್ಧಾರವಾಗುತ್ತದೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

೪. ಎಲ್ಲವೂ ಲೋಹವೇಕಲ್ಲ?

ಒಳ್ಳೆಯ ಉತ್ತರವು ಹೊಸ ಸಂಕಟವನ್ನು ತರುವುದು ಸಹಜ. ಬ್ಲಾಖನ ವಾದದಲ್ಲಿ ತಾಮ್ರಕ್ಕೆಂದೇ ಮೀಸಲಾದದ್ದು ಯಾವುದೂ ಇರಲಿಲ್ಲ. ವಜ್ರವೂ ಸ್ಫಟಿಕ, ಉಪ್ಪೂ ಸ್ಫಟಿಕ. ಅವುಗಳಲ್ಲಿಯೂ ಅಲೆಯು ನಿರಾತಂಕವಾಗಿ ಸಾಗಬೇಕು. ಹಾಗಾದರೆ ಜಗತ್ತಿನ ಸ್ಫಟಿಕಗಳೆಲ್ಲ ಲೋಹಗಳಂತೆ ವಿದ್ಯುತ್ತನ್ನು ಒಯ್ಯಬೇಕಾಗಿತ್ತು! ಒಳ್ಳೆಯ ವಾಹಕಕ್ಕೂ ಒಳ್ಳೆಯ ಅವಾಹಕಕ್ಕೂ ಇರುವ ತಾರತಮ್ಯವನ್ನು ಸಂಖ್ಯೆಯಲ್ಲಿ ಬರೆದರೆ ೧ರ ಮುಂದೆ ೨೦ಕ್ಕೂ ಹೆಚ್ಚು ಸೊನ್ನೆಗಳನ್ನು ಇಡಬೇಕಾಗುತ್ತದೆ. ಇಷ್ಟು ದೊಡ್ಡ ಭೇದವನ್ನು ಹೇಳಲಾರದ ಸಿದ್ಧಾಂತವನ್ನು ಪೂರ್ಣವೆನ್ನಲಾಗದು.

೧೯೩೧ರ ಆರಂಭದಲ್ಲಿ ಕೇಂಬ್ರಿಜ್ಜಿನಿಂದ ಲೈಪ್‌ಜಿಗ್ಗಿಗೆ ಬಂದ ಎ. ಎಚ್. ವಿಲ್ಸನ್ ಎಂಬ ಇಪ್ಪತ್ತನಾಲ್ಕು ವರ್ಷದ ತರುಣನು ಈ ಗಂಟನ್ನು ಬಿಚ್ಚಿದನು. ಅದಕ್ಕೆ ಬೇಕಾದ ಎಳೆಗಳು ಆ ವೇಳೆಗೆ ಹೆಣೆದು ಸಿದ್ಧವಾಗಿದ್ದವು. ಅಲೆಯ ಉದ್ದಕ್ಕೂ ಜಾಲಕದ ಅಂತರಕ್ಕೂ ಒಂದು ನಿಯತ ಸಂಬಂಧವು ಕೂಡಿಬಂದಾಗ, ಚೆದರಿದ ಕಿರಿಯ ಅಲೆಗಳು ಮುಂದಿನ ದಿಕ್ಕಿನಲ್ಲಿ ಕೂಡುವಂತೆ ಹಿಂದಿನ ದಿಕ್ಕಿನಲ್ಲಿಯೂ ಕೂಡಿಕೊಳ್ಳುತ್ತವೆ. ಆಗ ಅಲೆಯು ಮುಂದೆ ಸಾಗದೆ ನಿಂತಲ್ಲೇ ತೊನೆಯುತ್ತದೆ. ಇದರ ಫಲವಾಗಿ ಎಲೆಕ್ಟ್ರಾನು ಹೊಂದಬಹುದಾದ ಶಕ್ತಿಯ ಮೊತ್ತಗಳು ಎಡೆಬಿಡದೆ ಹರಡದೆ ಪಟ್ಟಿಪಟ್ಟಿಯಾಗಿ ಒಡೆಯುತ್ತವೆ. ಎರಡು ಪಟ್ಟಿಗಳ ನಡುವೆ ಯಾವ ಎಲೆಕ್ಟ್ರಾನಿಗೂ ಸಲ್ಲದ ಒಂದು ತೆರಪು ಉಳಿಯಬಹುದು. ಪೌಲಿಯ ತತ್ತ್ವದಂತೆ ಪ್ರತಿಯೊಂದು ಪಟ್ಟಿಯಲ್ಲಿಯೂ ಇಷ್ಟೇ ಎಂದು ಗೊತ್ತಾದ ಸ್ಥಾನಗಳಿರುತ್ತವೆ: ಜಾಲಕದ ಒಂದೊಂದು ಮೂಲಘಟಕಕ್ಕೆ ಎರಡೆರಡು.

ಪೂರ್ತಿ ತುಂಬಿದ ಪಟ್ಟಿಯು ವಿದ್ಯುತ್ತನ್ನು ಒಯ್ಯಲಾರದು. ಅರೆಬರೆ ತುಂಬಿದ ಪಟ್ಟಿಯು ಒಯ್ಯಬಲ್ಲದು. ವಿಲ್ಸನ್ನನ ಉತ್ತರದ ಸಾರ ಇಷ್ಟೆ. ಊಟದ ಪಂಕ್ತಿಯ ಒಂದು ಉಪಮೆಯಿಂದ ಇದನ್ನು ವಿವರಿಸಬಹುದು. ಎಲೆಗಳೆಲ್ಲ ಭರ್ತಿಯಾಗಿ ಕುಳಿತ ಪಂಕ್ತಿಯಲ್ಲಿ, ಎಲ್ಲರೂ ಬಲಕ್ಕೆ ಸರಿಯಿರಿ ಎಂದು ಎಷ್ಟು ಕೂಗಿದರೂ ಯಾರೂ ಸರಿಯಲಾರರು. ಜನವಿಲ್ಲವೆಂದಲ್ಲ, ಜಾಗವಿಲ್ಲ. ಅರ್ಧ ಪಂಕ್ತಿ ಖಾಲಿಯಿದ್ದರೆ ಒಂದು ಮಾತಿಗೇ ಎಲ್ಲರೂ ಸರಿದಾರು. ವಜ್ರದಲ್ಲಿ ಎಲೆಕ್ಟ್ರಾನುಗಳು ಬಂದಿಗಳಲ್ಲ. ಸ್ವತಂತ್ರವಾಗಿಯೇ ಇವೆ, ಆದರೆ ಸ್ಥಾನಗಳೆಲ್ಲ ತುಂಬಿರುವುದರಿಂದ, ಬಲಕ್ಕೆ ಹೋಗುವ ಒಂದಕ್ಕೆ ಎಡಕ್ಕೆ ಹೋಗುವ ಇನ್ನೊಂದು ಸಮನಾಗಿ, ಒಟ್ಟು ಪ್ರವಾಹವು ಸೊನ್ನೆಯಾಗುತ್ತದೆ. ಸೋಡಿಯಂ ಮತ್ತು ತಾಮ್ರದಲ್ಲಿ ಹೊರಗಿನ ಎಲೆಕ್ಟ್ರಾನು ಪರಮಾಣುವಿಗೆ ಒಂದೊಂದೇ. ಆದ್ದರಿಂದ ಪಟ್ಟಿಯು ಅರ್ಧ ತುಂಬಿ ಅವು ಲೋಹಗಳಾಗಿವೆ. ಪರಮಾಣುವಿಗೆ ಎರಡೆರಡು ಇರುವ ಮೆಗ್ನೀಸಿಯಂ ಮತ್ತು ಸತು ಅವಾಹಕಗಳಾಗಬೇಕಿತ್ತಲ್ಲ ಎಂಬ ಆಕ್ಷೇಪಕ್ಕೂ ಸಮಾಧಾನವಿತ್ತು: ಅವುಗಳಲ್ಲಿ ಕೆಳಗಿನ ಪಟ್ಟಿಯ ಮೇಲಂಚು ಮೇಲಿನ ಪಟ್ಟಿಯ ಕೆಳಅಂಚನ್ನು ಮೀರಿ ಹಾಯ್ದಿರುವುದರಿಂದ ಎರಡು ಪಟ್ಟಿಗಳೂ ಅರೆಬರೆಯಾಗಿ ತುಂಬುತ್ತವೆ. ಈ ವಾದವನ್ನು ಬ್ಲಾಖನು ಮೊದಲು ಒಪ್ಪಲಿಲ್ಲ. ಆಲೋಚಿಸಿದ ಮೇಲೆ ಒಪ್ಪಿದನು.

ಪಂಕ್ತಿಯ ಉಪಮೆಯು ಇನ್ನೊಂದು ಒಗಟಿಗೂ ಸಲ್ಲುತ್ತದೆ. ೧೮೭೯ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿಯು, ವಿದ್ಯುತ್ತು ಹರಿಯುತ್ತಿರುವ ಲೋಹವನ್ನು ಕಾಂತಕ್ಷೇತ್ರದಲ್ಲಿ ಇಟ್ಟರೆ ಅಡ್ಡಲಾಗಿ ಒಂದು ವಿದ್ಯುದ್ದಾಬ ಏಳುವುದನ್ನು ಕಂಡನು. ಹರಿಯುವುದು ಋಣಕಣವೋ ಧನಕಣವೋ ಎಂಬುದನ್ನು ಅದರ ದಿಕ್ಕಿನಿಂದ ಹೇಳಬಹುದು. ವಿಚಿತ್ರವೆಂದರೆ, ಸತು ಮತ್ತು ಕ್ಯಾಡ್ಮಿಯಂಗಳಲ್ಲಿ ಆ ದಿಕ್ಕು ಧನಕಣವನ್ನು ಸೂಚಿಸುತ್ತದೆ. ೧೯೨೯ರಲ್ಲಿ ಹೈಸನ್‌ಬರ್ಗನ ಇನ್ನೊಬ್ಬ ವಿದ್ಯಾರ್ಥಿಯಾದ ರುಡಾಲ್ಫ್ ಪೈಯರ್ಲ್ಸನು ಇದನ್ನು ಬಿಡಿಸಿದನು. ಭರ್ತಿಯಾದ ಪಂಕ್ತಿಯಲ್ಲಿ ಒಬ್ಬನು ಎದ್ದುಹೋದರೆ, ಪಕ್ಕದವನು ಆ ಎಲೆಗೆ ಸರಿದು, ಅವನ ಎಲೆಗೆ ಆಚೆಯವನು ಸರಿದು, ಹೀಗೆ ಜನ ಬಲಕ್ಕೆ ಸರಿದಂತೆ ಖಾಲಿ ಎಲೆಯು ಎಡಕ್ಕೆ ಚಲಿಸುತ್ತದೆ. ಹೆಚ್ಚುಕಡಿಮೆ ತುಂಬಿದ ಪಟ್ಟಿಯಲ್ಲಿಯೂ ಇಂಥ ತೆರವು ಧನಕಣದಂತೆ ವರ್ತಿಸುತ್ತದೆ. ಇಲ್ಲದಿರುವುದೇ ಇರುವ ವಸ್ತುವಿನಂತೆ ನಡೆದುಕೊಳ್ಳುವುದೆಂಬ ಈ ಕಲ್ಪನೆಯು ಮುಂದೆ ಬಹು ಫಲಪ್ರದವಾಯಿತು.

೫. ಉಪೇಕ್ಷಿತವಾದ ಪದಾರ್ಥಗಳು

ತುಂಬಿದ ಪಟ್ಟಿಗೂ ಅದರ ಮೇಲಣ ಬರಿದಾದ ಪಟ್ಟಿಗೂ ನಡುವಿನ ತೆರಪು ಕಿರಿದಾಗಿದ್ದರೆ, ಕೋಣೆಯ ಶಾಖವೇ ಕೆಲವು ಎಲೆಕ್ಟ್ರಾನುಗಳನ್ನು ಮೇಲಕ್ಕೆ ನೂಕಬಲ್ಲದು. ವಜ್ರದಲ್ಲಿ ಈ ತೆರಪು ಸುಮಾರು ೫.೫ ಎಲೆಕ್ಟ್ರಾನ್ ವೋಲ್ಟು, ಸಿಲಿಕಾನಿನಲ್ಲಿ ೧.೧, ಜರ್ಮೇನಿಯಂನಲ್ಲಿ ೦.೭ರ ಸಮೀಪ. ಜಾಲಕದ ರಚನೆ ಮೂರರಲ್ಲಿಯೂ ಒಂದೇ. ತೆರಪಿನ ಅಗಲ ಮಾತ್ರ ಬೇರೆ. ಮೊದಲನೆಯದು ಅವಾಹಕ, ಉಳಿದೆರಡು ಅರೆವಾಹಕಗಳು. ವಿಲ್ಸನ್ನನು ೧೯೩೧ರಲ್ಲಿ ಪ್ರಕಟಿಸಿದ ಎರಡು ಲೇಖನಗಳ ವಿಷಯವೇ ಅರೆವಾಹಕಗಳ ಸಿದ್ಧಾಂತ.

ಆದರೆ ಆ ಕಾಲದಲ್ಲಿ ಈ ಪದಾರ್ಥಗಳಿಗೆ ಗೌರವವಿರಲಿಲ್ಲ. ಒಂದೇ ವಸ್ತುವಿನ ಎರಡು ತುಂಡುಗಳನ್ನು ಅಳೆದರೆ ಎರಡು ಬೇರೆ ಬೆಲೆಗಳು ಬರುತ್ತಿದ್ದವು. ಶುದ್ಧ ವಸ್ತುವಿನಲ್ಲಿ ಅರೆವಾಹಕತ್ವವೇ ಇಲ್ಲ, ಎಲ್ಲವೂ ಕಲ್ಮಷದ ಫಲ ಎಂದು ಗುಡೆನ್ ಎಂಬ ಪ್ರಯೋಗನಿಪುಣನು ವಾದಿಸಿದ್ದನು. ಪೌಲಿಯಂತೂ ೧೯೩೧ರಲ್ಲಿ ಪೈಯರ್ಲ್ಸನಿಗೆ ಬರೆದ ಪತ್ರದಲ್ಲಿ, ಈ ಹೊಲಸಿಗೆ ಕೈಹಾಕುವುದು ತಕ್ಕದ್ದಲ್ಲವೆಂದೂ ಅಂಥ ವಸ್ತುಗಳು ಇರುವುದೇ ಸಂದೇಹವೆಂದೂ ಎಚ್ಚರಿಸಿದನು. ಬಹಿಷ್ಕರಣ ತತ್ತ್ವವನ್ನು ಕೊಟ್ಟವನೇ ಅದರ ಅತ್ಯಂತ ಬೆಲೆಬಾಳುವ ಫಲವನ್ನು ಗುರುತಿಸಲಿಲ್ಲ. ಗುರುಸ್ಥಾನದಲ್ಲಿರುವವರ ಅಭಿರುಚಿಯು ಕೆಲವೊಮ್ಮೆ ಪ್ರಶ್ನೆಗೆ ಅಡ್ಡಗೋಡೆಯಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಇದೊಂದು ಉದಾಹರಣೆ.

ಕಲ್ಮಷದ ಪ್ರಭಾವವನ್ನು ವಿಲ್ಸನ್ನನು ತನ್ನ ಎರಡನೆಯ ಲೇಖನದಲ್ಲಿ ಸಿದ್ಧಾಂತದೊಳಕ್ಕೆ ತಂದನು. ಹತ್ತು ಲಕ್ಷ ಸಿಲಿಕಾನ್ ಪರಮಾಣುಗಳ ನಡುವೆ ಒಂದೇ ಒಂದು ರಂಜಕದ ಪರಮಾಣು ಸೇರಿದರೆ, ಅದು ತಂದ ಒಂದು ಹೆಚ್ಚಿನ ಎಲೆಕ್ಟ್ರಾನು ಬರಿದಾದ ಪಟ್ಟಿಗೆ ಏರುತ್ತದೆ. ಕೋಣೆಯ ಉಷ್ಣತೆಯಲ್ಲಿ ವಾಹಕತ್ವವು ಲಕ್ಷಗಟ್ಟಲೆ ಪಾಲು ಹೆಚ್ಚುತ್ತದೆ. ಅಳತೆಗಳು ತುಂಡಿನಿಂದ ತುಂಡಿಗೆ ಬದಲಾಗುತ್ತಿದ್ದುದರಲ್ಲಿ ಆಶ್ಚರ್ಯವೇನಿದೆ?

ಲೈಪ್‌ಜಿಗ್ಗಿನ ಆ ಗೋಷ್ಠಿಯು ಹೆಚ್ಚು ಕಾಲ ಉಳಿಯಲಿಲ್ಲ. ೧೯೩೩ರಲ್ಲಿ ನಾಜಿ ಪಕ್ಷವು ಅಧಿಕಾರಕ್ಕೆ ಬಂದೊಡನೆ ಯೆಹೂದ್ಯ ವಂಶದ ವಿದ್ವಾಂಸರಿಗೆ ಜರ್ಮನಿಯ ವಿಶ್ವವಿದ್ಯಾನಿಲಯಗಳು ಮುಚ್ಚಿದವು. ಬ್ಲಾಖನು ಆ ವರ್ಷವೇ ಜರ್ಮನಿಯನ್ನು ಬಿಟ್ಟು ೧೯೩೪ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಪೈಯರ್ಲ್ಸನು ಇಂಗ್ಲೆಂಡಿನಲ್ಲಿ ನೆಲೆಸಿದನು. ಒಂದು ಸರ್ಕಾರವು ಮನುಷ್ಯರನ್ನು ಹೊರಗಟ್ಟಿದಾಗ ಪ್ರಶ್ನೆಗಳೂ ಅವರೊಡನೆ ಗಡಿ ದಾಟಿದವು. ಅರೆವಾಹಕಗಳ ಕೃಷಿ ನಡೆದದ್ದು ಬಹುಮಟ್ಟಿಗೆ ಅಟ್ಲಾಂಟಿಕ್ಕಿನ ಆಚೆ. ೧೯೪೭ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಎಂಬವರು ಜರ್ಮೇನಿಯಂ ತುಂಡಿನಿಂದ ಮೊದಲನೆಯ ಟ್ರಾನ್ಸಿಸ್ಟರನ್ನು ರಚಿಸಿದರು. ಅವರಿಗೂ ಷಾಕ್ಲಿಗೂ ೧೯೫೬ರಲ್ಲಿ ನೊಬೆಲ್ ಬಹುಮಾನವು ಸಂದಿತು. ೧೯೫೦ರ ದಶಕದ ಮೊದಲಲ್ಲಿ ಅದೇ ಪ್ರಯೋಗಶಾಲೆಯ ಫ್ಯಾನ್ ಎಂಬವನು ಜರ್ಮೇನಿಯಂ ಸರಳಿನ ಒಂದು ಕಿರಿದಾದ ಭಾಗವನ್ನು ಮಾತ್ರ ಕರಗಿಸಿ, ಆ ಕರಗಿದ ವಲಯವನ್ನು ತುದಿಯಿಂದ ತುದಿಗೆ ಸಾಗಿಸಿ, ಕಲ್ಮಷವನ್ನು ಅದರೊಡನೆ ಗುಡಿಸಿಹಾಕುವ ಕ್ರಮವನ್ನು ಕಂಡುಹಿಡಿದನು. ಸಾವಿರ ಕೋಟಿ ಪರಮಾಣುಗಳಿಗೆ ಒಂದರಷ್ಟು ಮಾತ್ರ ಕಲ್ಮಷ ಉಳಿಯುವಂತಾಯಿತು. ಕ್ರಮ ಕೆಡುವುದೇ ರೋಧ ಎಂಬ ಬ್ಲಾಖನ ಮಾತನ್ನು ಕುಲುಮೆಯ ಕೆಲಸಗಾರನು ಕೈಯಾರೆ ನಡಸಿ ತೋರಿಸಿದಂತಾಯಿತು. ಮೊದಲು ಶುದ್ಧಮಾಡು, ಅನಂತರ ಬೇಕಾದಷ್ಟೇ ಕಲ್ಮಷವನ್ನು ಬೆರಸು: ಇಂದಿನ ಇಲೆಕ್ಟ್ರಾನಿಕ್ ಉದ್ಯಮದ ಸೂತ್ರ ಇದೇ.

ಇಷ್ಟರಿಂದ ಟ್ರಾನ್ಸಿಸ್ಟರು ಬ್ಲಾಖನ ಪ್ರಬಂಧದಿಂದ ನೇರವಾಗಿ ಹುಟ್ಟಿತೆಂದು ಹೇಳುವುದು ಅತ್ಯುಕ್ತಿಯಾದೀತು. ಯುದ್ಧಕಾಲದ ರೇಡಾರ್, ದೂರವಾಣಿ ಕಂಪನಿಯ ಅಗತ್ಯಗಳು, ರಸಾಯನಜ್ಞರ ತಾಳ್ಮೆ ಇವೆಲ್ಲವೂ ನಡುವೆ ಇವೆ. ಆದರೆ ಆ ಕೆಲಸಗಾರರು ಯೋಚಿಸಿದ ಭಾಷೆಯು, ಎಂದರೆ ಪಟ್ಟಿ, ತೆರಪು, ತೆರವು ಎಂಬ ಪರಿಭಾಷೆಯು, ಲೈಪ್‌ಜಿಗ್ಗಿನ ಪ್ರಶ್ನೆಗಳಿಂದ ಬಂದದ್ದೆಂಬುದರಲ್ಲಿ ಸಂದೇಹವಿಲ್ಲ.

೬. ಉತ್ತರದ ಎಲ್ಲೆಗಳು

ಬ್ಲಾಖನ ವಾದಕ್ಕೆ ಎರಡು ಕಂಬಗಳು ಆಧಾರ: ಜಾಲಕವು ಕ್ರಮಬದ್ಧವೆಂಬುದು ಒಂದು, ಎಲೆಕ್ಟ್ರಾನುಗಳು ಪರಸ್ಪರ ವಿಕರ್ಷಣೆಯನ್ನು ಲೆಕ್ಕಿಸದೆ ಒಂದೊಂದಾಗಿ ಸಾಗುತ್ತವೆಂಬುದು ಇನ್ನೊಂದು. ಎರಡನ್ನೂ ಮುಂದಿನವರು ಅಲುಗಿಸಿ ನೋಡಿದರು.

೧೯೩೭ರಲ್ಲಿ ಹಾಲೆಂಡಿನ ದ ಬೂರ್ ಮತ್ತು ವರ್ವೆ ಎಂಬವರು ನಿಕಲ್ ಆಕ್ಸೈಡನ್ನು ಮುಂದಿಟ್ಟರು. ಪಟ್ಟಿಯ ಲೆಕ್ಕದಂತೆ ಅದು ಲೋಹವಾಗಬೇಕು. ನಿಜವಾಗಿ ಅದು ಹಸುರು ಬಣ್ಣದ ಅವಾಹಕ. ಒಂದೇ ಪರಮಾಣುವಿನ ಮೇಲೆ ಇನ್ನೊಂದು ಎಲೆಕ್ಟ್ರಾನು ಬಂದು ಕುಳಿತರೆ ವಿಕರ್ಷಣೆಯ ಬೆಲೆಯನ್ನು ತೆರಬೇಕಾಗುತ್ತದೆ. ಆ ಬೆಲೆ ಹೆಚ್ಚಾದರೆ ಯಾವ ಎಲೆಕ್ಟ್ರಾನೂ ತನ್ನ ಮನೆಯನ್ನು ಬಿಡದು. ಇಂಗ್ಲೆಂಡಿನ ನೆವಿಲ್ ಮಾಟನು ೧೯೪೯ರಲ್ಲಿ ಈ ವಿಚಾರವನ್ನು ವಿಸ್ತರಿಸಿದನು. ೧೯೫೮ರಲ್ಲಿ ಬೆಲ್ ಪ್ರಯೋಗಶಾಲೆಯ ಫಿಲಿಪ್ ಆಂಡರ್ಸನ್ನನು ಇನ್ನೊಂದು ಕಂಬವನ್ನು ಪರೀಕ್ಷಿಸಿದನು. ಜಾಲಕದ ಕ್ರಮವು ಬಹಳವಾಗಿ ಕೆಟ್ಟರೆ ಅಲೆಯು ನಿಧಾನವಾಗುವುದಷ್ಟೇ ಅಲ್ಲ, ಒಂದೆಡೆ ಸಿಕ್ಕಿಬಿದ್ದು ಪೂರ್ತಿಯಾಗಿ ನಿಂತುಬಿಡಬಹುದೆಂದು ಅವನು ತೋರಿಸಿದನು. ಇಬ್ಬರಿಗೂ ೧೯೭೭ರಲ್ಲಿ ನೊಬೆಲ್ ಬಹುಮಾನವು ಬಂದಿತು.

ಇಲ್ಲಿ ನಮ್ಮ ನಾಡಿನ ಸಂಬಂಧವೂ ಕೂಡಿಬರುತ್ತದೆ. ೧೯೭೯ರಲ್ಲಿ ಆಂಡರ್ಸನ್ ಮೊದಲಾದ ಮೂವರೊಡನೆ ಈ ಸ್ತಂಭನದ ಪ್ರಸಿದ್ಧ ಸಿದ್ಧಾಂತವೊಂದನ್ನು ಪ್ರಕಟಿಸಿದ ಪ್ರೊಫೆಸರ್ ಟಿ. ವಿ. ರಾಮಕೃಷ್ಣನ್ ಅವರು ಮುಂದೆ ಹಲವು ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ತೆಳುವಾದ ಹಾಳೆಯಂಥ ಲೋಹದಲ್ಲಿ ಅಲ್ಪವಾದ ಅಕ್ರಮವೂ, ಸಂಪೂರ್ಣ ಶೈತ್ಯದಲ್ಲಿ, ಎಲೆಕ್ಟ್ರಾನನ್ನು ಕೊನೆಗೆ ಕಟ್ಟಿಹಾಕುವುದೆಂಬುದು ಆ ಸಿದ್ಧಾಂತದ ಒಂದು ಫಲ. ಬೆಂಗಳೂರಿನಲ್ಲಿ ಹುಟ್ಟಿ ಮೈಸೂರು ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರು ೧೯೭೬ರಲ್ಲಿ ಅದೇ ಸಂಸ್ಥೆಯಲ್ಲಿ ಘನಸ್ಥಿತಿ ಮತ್ತು ರಚನಾ ರಸಾಯನದ ವಿಭಾಗವನ್ನು ಆರಂಭಿಸಿದರು. ಲೋಹವಾಗಿರುವುದು ಅವಾಹಕವಾಗುವುದು, ಅವಾಹಕವಾಗಿರುವುದು ಲೋಹವಾಗುವುದು, ಇಂಥ ಪರಿವರ್ತನೆಗಳನ್ನು ತೋರುವ ಆಕ್ಸೈಡುಗಳು ಅವರ ದೀರ್ಘಕಾಲದ ಅಭ್ಯಾಸದ ವಿಷಯಗಳಲ್ಲೊಂದು. ೧೯೩೭ರಲ್ಲಿ ನಿಕಲ್ ಆಕ್ಸೈಡು ಒಡ್ಡಿದ ಆಕ್ಷೇಪವು ಹೀಗೆ ನಮ್ಮಲ್ಲಿಯ ಪ್ರಯೋಗಶಾಲೆಗಳವರೆಗೂ ಬಂದು ಮುಟ್ಟಿದೆ.

೭. ಉಪಸಂಹಾರ

ಮೇಲಿನ ವೃತ್ತಾಂತದಲ್ಲಿ ಮತ್ತೆಮತ್ತೆ ಬರುವವರು ವಿದ್ಯಾರ್ಥಿಗಳು. ಹಾಲ್, ದ ಬ್ರಾಯ್, ಬ್ಲಾಖ್, ಪೈಯರ್ಲ್ಸ್ ಇವರೆಲ್ಲರೂ ಪದವಿಗಾಗಿ ಅಭ್ಯಾಸ ಮಾಡುತ್ತಿದ್ದಾಗಲೇ ಈ ಕೆಲಸಗಳಿಗೆ ಕೈಹಾಕಿದವರು. ೧೯೫೭ರಲ್ಲಿ ಬಾರ್ಡೀನ್ ಮತ್ತು ಕೂಪರರೊಡನೆ ಅತಿವಾಹಕತ್ವದ ಕಾರಣವನ್ನು ವಿವರಿಸಿದ ಶ್ರೀಫರನೂ ಆಗ ಸಂಶೋಧನ ವಿದ್ಯಾರ್ಥಿಯೇ. ಇವರು ಅಸಾಧಾರಣ ಪ್ರತಿಭಾವಂತರೆಂಬುದು ನಿಜ. ಆದರೆ ಅವರ ಪ್ರಶ್ನೆಗಳು ಅಸಾಧಾರಣವಾದವಲ್ಲ. ಎಲೆಕ್ಟ್ರಾನು ಹೇಗೆ ನುಸುಳುತ್ತದೆ, ಎಲ್ಲವೂ ಲೋಹವೇಕಲ್ಲ ಎಂಬ ಪ್ರಶ್ನೆಗಳನ್ನು ನಮ್ಮ ಯಾವ ಕಾಲೇಜಿನ ವಿದ್ಯಾರ್ಥಿಯೂ ಕೇಳಬಹುದು. ಕೇಳಿದಾಗ ಅಧ್ಯಾಪಕನು ಸ್ವತಂತ್ರ ಎಲೆಕ್ಟ್ರಾನುಗಳೆಂಬ ಹೆಸರನ್ನು ಹೇಳಿ ಮುಗಿಸಿದರೆ, ಹೆಸರೇ ವಿವರಣೆಯೆಂಬ ಭ್ರಮೆ ವಿದ್ಯಾರ್ಥಿಯಲ್ಲಿ ಬೇರೂರುತ್ತದೆ. ಪರೀಕ್ಷೆಗೆ ಅಷ್ಟು ಸಾಕಾಗಬಹುದು, ವಿದ್ಯೆಗೆ ಸಾಲದು.

ಚರಿತ್ರೆಯ ವಿಭಾಗವು ಇಂಥ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಕಾರಣವೂ ಇದೇ. ಯಾವ ಉತ್ತರವು ಯಾವ ಸಂಶಯಕ್ಕೆ ಹುಟ್ಟಿತು, ಅದನ್ನು ಯಾರು ಉಪೇಕ್ಷಿಸಿದರು, ಯಾವ ರಾಜಕೀಯವು ಅದನ್ನು ಒಂದು ದೇಶದಿಂದ ಇನ್ನೊಂದಕ್ಕೆ ಅಟ್ಟಿತು ಎಂಬುದನ್ನು ಭೌತವಿಜ್ಞಾನದ ಪಾಠದಲ್ಲಿ ಹೇಳಲು ವೇಳೆ ಸಾಲದು. ಚರಿತ್ರೆಯ ಪಾಠದಲ್ಲಿ ಅದನ್ನು ಹೇಳಬೇಕೆಂದು ಯಾರಿಗೂ ತೋರುವುದಿಲ್ಲ. ಎರಡು ವಿಭಾಗಗಳ ನಡುವೆ ಬಿದ್ದುಹೋಗುತ್ತಿರುವ ಈ ವಿಷಯವನ್ನು ಪದವಿ ತರಗತಿಗಳಲ್ಲಿ, ಎರಡು ವಿಭಾಗಗಳ ಅಧ್ಯಾಪಕರೂ ಕೂಡಿ, ವಾರಕ್ಕೊಂದು ಗಂಟೆಯಾದರೂ ಬೋಧಿಸುವುದು ಸಾಧ್ಯವಾದರೆ, ವಿಜ್ಞಾನದ ವಿದ್ಯಾರ್ಥಿಗೆ ತನ್ನ ಸಂಶಯದ ಮೇಲೆ ಗೌರವವೂ ಚರಿತ್ರೆಯ ವಿದ್ಯಾರ್ಥಿಗೆ ತಾನು ನಿತ್ಯ ಬಳಸುವ ಪದಾರ್ಥಗಳ ಮೇಲೆ ಕುತೂಹಲವೂ ಬೆಳೆದಾವೆಂದು ನಿರೀಕ್ಷಿಸಬಹುದು.